ನಕ್ಷೆಯಲ್ಲಿ ನಾನಿಟ್ಟ ಚುಕ್ಕಿ

ನಮ್ಮ ಕಡೆ ಬಳ್ಳಿಯಲ್ಲಿರುವ ಮಿಡಿಗಾಯಿಗೆ ಬೆರಳು ಮಾಡಿ ತೋರಿಸುವುದಿಲ್ಲ. ತೋರಿಸಿದರೆ ಕೊಳೆತು ಉದುರುತ್ತದಂತೆ. ತೋರಿಸಲೇಬೇಕಾದರೆ ಬೆರಳು ಮಡಚಿ ಮುಷ್ಟಿ ಮಾಡಿ ತೋರಿಸಬೇಕು. ವಿಜ್ಞಾನ ಕಲಿಸುವ ನಾನು ತರಗತಿಯಲ್ಲೇ ಇದಕ್ಕೆ ನಕ್ಕವಳು.

ಹುಲಿಹೈದರದ ಆಚೆಗಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಆಗ ನನ್ನ ನೌಕರಿ. ಗಂಗಾವತಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಶಾಲೆಯ ಹಿಂದಿನ ಗುಡ್ಡದಲ್ಲಿ ಒಬ್ಬ ಅಜ್ಜ ಆಡು ಮೇಯಿಸುತ್ತಿದ್ದ. ನನಗೆ ಹಕ್ಕಿ ನೋಡುವ ಹುಚ್ಚು ಇದೆಯೆಂದು ತಿಳಿದು ಒಂದು ಸಂಜೆ ಮೇಲೆ ಕರೆದುಕೊಂಡು ಹೋದ. ಎರಡು ಬಂಡೆಗಳ ಸಂದಿಯತ್ತ ಮುಷ್ಟಿ ಚಾಚಿದ. ಅಲ್ಲಿ ಕಿತ್ತಳೆ ಕಣ್ಣಿನ ಕೊಂಬಿನ ಗೂಬೆಗಳ ಜೋಡಿ, ಅವುಗಳ ಹಿಂದೆ ಹತ್ತಿಯಂಥ ಮೂರು ಮರಿ.

"ಊರಾಗ ಯಾರಿಗೂ ಹೇಳಿಲ್ರಿ ಅಕ್ಕೋರ. ನಮ್ಮಪ್ಪನ ಕಾಲದಿಂದ ಅದಾವ. ಮ್ಯಾಲಿನ ಮನಿ ಮಂದಿ ಇವು," ಎಂದ.

ಹೆಂಡತಿ ಹೋದ ಮೇಲೆ ಸಂಜೆಯ ಮಾತಿಗೆ ಅವನಿಗೆ ಉಳಿದದ್ದು ಅವೇ. ಗೂಬೆ ಒಮ್ಮೆ ಕೂಗಿದರೆ ಅಜ್ಜ "ಹೂಂ" ಅನ್ನುತ್ತಿದ್ದ. ಮತ್ತೆ ಕೂಗಿದರೆ ಮತ್ತೆ "ಹೂಂ". ನನಗೆ ನಗು ಬರುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು.

ನನ್ನ ಕೈಗೆ ನೆಟ್ ಇರುವ ಫೋನು ಬಂದ ಹೊಸತು ಅದು. ಯಾರು ಬೇಕಾದರೂ ತಾವು ಕಂಡ ಪ್ರಾಣಿ, ಪಕ್ಷಿ, ಗಿಡಗಳ ಫೋಟೊ ಹಾಕಿ, ಕಂಡ ಜಾಗವನ್ನು ನಕ್ಷೆಯಲ್ಲಿ ಗುರುತಿಸುವ ಒಂದು ಜಾಲತಾಣ ಸಿಕ್ಕಿತ್ತು. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವಂತೆ ಕಾಗೆ, ಗೊರವಂಕ ಒಂದನ್ನೂ ಬಿಡದೆ ಸೇರಿಸುತ್ತಿದ್ದೆ. ಗೂಬೆಗಳನ್ನೂ ಸೇರಿಸಿದೆ. ಜಾಗವನ್ನು ಮರೆಮಾಡಬೇಕೇ ಎಂದು ಆ ತಾಣ ಕೇಳಿತ್ತು. ಬೇಡ ಎಂದೆ. ಬಚ್ಚಿಟ್ಟ ಮಾಹಿತಿ ಯಾರ ಅಧ್ಯಯನಕ್ಕೂ ಒದಗುವುದಿಲ್ಲ, ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂದೆಲ್ಲ ನನಗೆ ನಾನೇ ಪಾಠ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅದು ಜಂಬ. ಕುಷ್ಟಗಿ, ಯಲಬುರ್ಗಾ ಕಡೆ ಈ ಗೂಬೆಗೆ ಯಾರೋ ಇಟ್ಟ ಒಂದೆರಡು ಚುಕ್ಕಿಗಳು ನಕ್ಷೆಯಲ್ಲಿದ್ದವು. ನಮ್ಮ ಗುಡ್ಡದ ಮೇಲೆ ನನ್ನದೇ ಮೊದಲನೆಯದು. ಗುರುತಿಲ್ಲದ ಊರಿನವರು ಶಭಾಷ್ ಎಂದು ಬರೆದರು. ಅದನ್ನು ಎಷ್ಟು ಸಲ ಓದಿದೆನೋ.

ಅಮಾವಾಸ್ಯೆಯ ಹಿಂದಿನ ದಿನ ಇಬ್ಬರು ಬೈಕಿನಲ್ಲಿ ಬಂದರಂತೆ. ಮರುದಿನ ನಾನು ಗುಡ್ಡ ಹತ್ತಿದಾಗ ಸಂದಿಯಲ್ಲಿ ಬಲೆಯ ತುಂಡು ಮತ್ತು ಪುಕ್ಕ ಬಿದ್ದಿದ್ದವು. ಮಾಟಮಂತ್ರಕ್ಕೆ ಗೂಬೆ ಮಾರುವವರು ಇರುತ್ತಾರೆಂದು ನಾನೇ ಮಕ್ಕಳಿಗೆ ಹೇಳಿದ್ದೆ. ಮರಿಗಳನ್ನೂ ಬಿಟ್ಟಿರಲಿಲ್ಲ.

"ದಾರಿ ಸೈತ ಕೇಳ್ಲಿಲ್ರಿ ಅವ್ರು," ಎಂದ ಅಜ್ಜ. "ಕೈಯಾಗ ಫೋನ್ ಹಿಡ್ಕೊಂಡು ನೆಟ್ಟಗ ಹತ್ತಿದ್ರು. ನಿಮ್ಮ ಮಂದಿ ಅನ್ಕೊಂಡ್ನಿ. ಕುಡ್ಯಾಕ ನೀರೂ ಕೊಟ್ನಿ."

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವಳು ನಾನು, ಉಂಡದ್ದು ಅವು. ಎರಡು ದಿನ ಅಜ್ಜನಿಗೆ ಮುಖ ತೋರಿಸಲಾಗಲಿಲ್ಲ. ಮೂರನೆಯ ಸಂಜೆ ಹೋಗಿ ಫೋನು ತೆರೆದು ಅವನ ಮುಂದೆ ಹಿಡಿದೆ. ಇದು ನಿನ್ನ ಗುಡ್ಡ, ಈ ಚುಕ್ಕಿ ಆ ಸಂದಿ, ಇದನ್ನಿಟ್ಟವಳು ನಾನು, ಲೋಕದವರೆಲ್ಲ ನೋಡಬಹುದು ಎಂದೆ. ಹೇಳುತ್ತಲೇ ಅತ್ತೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಅವನು ಬಗ್ಗಿ ಆ ಚುಕ್ಕಿಯತ್ತ ಮುಷ್ಟಿ ಚಾಚಿದ.

"ಇದನ್ನ ಅಳಸಾಕ ಬರ್ತೈತೇನ್ರಿ?"

ಬರುತ್ತದೆ ಎಂದು ಅವನೆದುರೇ ಅಳಿಸಿದೆ. ಈ ತಾಣಕ್ಕೆ ಸೇರಿಸಿದ್ದು ಇದಕ್ಕಿಂತ ದೊಡ್ಡ ಇನ್ನೊಂದು ಸಂಗ್ರಹಕ್ಕೂ ಹೋಗುತ್ತದೆ, ಇಲ್ಲಿ ಅಳಿಸಿದರೂ ಅಲ್ಲಿ ನಕಲು ಉಳಿಯುತ್ತದೆ ಎಂಬುದನ್ನು ಹಿಂದಿನ ದಿನವೇ ನೋಡಿಕೊಂಡಿದ್ದೆ. ಅದನ್ನು ಹೇಳಲಿಲ್ಲ.

"ಹಂಗಾರ ತಿರುಗಿ ಬರ್ತಾವ ಬಿಡ್ರಿ," ಎಂದು ಅಜ್ಜ ಕಂಬಳಿ ಹಾಸಿ ಬಂಡೆಯ ಕಡೆ ಮುಖ ಮಾಡಿ ಕುಳಿತ. ಆಡುಗಳು ಒಂದೊಂದಾಗಿ ಅವನ ಸುತ್ತ ಬಂದು ಮಲಗಿದವು. ನಾನೂ ಪಕ್ಕದಲ್ಲಿ ಕುಳಿತೆ. ಹೊತ್ತು ಮುಳುಗಿತು.

ಸ್ವಲ್ಪ ಹೊತ್ತಿಗೆ ಅವನು "ಹೂಂ" ಅಂದ. ಬಂಡೆಯ ಕಡೆಯಿಂದ ಯಾವ ಕೂಗೂ ಬಂದಿರಲಿಲ್ಲ.