ಬಿಳಿ ಹೂವಿನ ಗೆಡ್ಡೆ

ನಮ್ಮ ನಡುಗಡ್ಡೆಯ ಓಕ್ ಮರಗಳ ನಡುವಿನ ಬಯಲಲ್ಲಿ ಮನೆಗೊಂದು ಕಮಾಸ್ ಪಾತಿ ಇರುತ್ತದೆ. ನೀಲಿ ಹೂವಿನ ಕಮಾಸ್ ಗೆಡ್ಡೆಯೇ ನಮ್ಮ ಊಟ. ಅದರ ನಡುವೆಯೇ ಬಿಳಿ ಹೂವಿನ ಗಿಡವೂ ಬೆಳೆಯುತ್ತದೆ. ಅದರ ಗೆಡ್ಡೆ ಬೇಯಿಸಿದರೂ ವಿಷ. ಹೂ ಬಾಡಿದ ಮೇಲೆ ಎರಡನ್ನೂ ಗುರುತಿಸಲಾಗದು. ಹಾಗಾಗಿ ಹೂವಿರುವಾಗಲೇ ಬಿಳಿಯದನ್ನು ಬುಡಸಮೇತ ಅಗೆದು ತೆಗೆಯುವುದು ಹೆಂಗಸರ ಕೆಲಸ. ಮುದುಕಿ ಸೀಲಿಯೋತಳ ಪಾತಿಯಲ್ಲಿ ಬಿಳಿ ಹೂ ಉಳಿದದ್ದನ್ನು ನಾವಾರೂ ಕಂಡವರಲ್ಲ.

ಆ ವಸಂತದಲ್ಲಿ ಅವಳು ಜ್ವರ ಬಂದು ಮಲಗಿದಳು. ಮಗ ಅದೇ ಜ್ವರದಲ್ಲಿ ತೀರಿಕೊಂಡ. ಪಾತಿ ನೋಡಿಕೊಂಡವಳು ಸೊಸೆ ಅಗಾಥ, ಪಾದ್ರಿಗಳ ಶಾಲೆಯಲ್ಲಿ ಬೆಳೆದವಳು. ಬೇಸಿಗೆಗೆ ಕಡಲು ಕೆಂಪಾಗಿ ತಿನ್ನುವ ಚಿಪ್ಪುಮೀನುಗಳೆಲ್ಲ ವಿಷವಾದವು. ಮೀನು ಹಿಡಿಯುವ ಗಂಡಸೂ ಮನೆಯಲ್ಲಿಲ್ಲ. ಇದ್ದ ಒಂದೇ ಆಸರೆ ಪಾತಿ. ಅಷ್ಟರಲ್ಲಿ ಚೇತರಿಸಿಕೊಂಡಿದ್ದ ಅತ್ತೆಯೂ ಸೊಸೆಯೂ ಸೇರಿ ಅಷ್ಟನ್ನೂ ಅಗೆದು, ಕಾದ ಕಲ್ಲಿನ ಗುಂಡಿಯಲ್ಲಿ ಹೂತು ಬೇಯಿಸಿದರು.

ಗುಂಡಿ ತೆರೆದಾಗ ಸಿಹಿ ವಾಸನೆ ಎದ್ದಿತು. ಮೊಮ್ಮಗಳು ಕೈ ಚಾಚಿದಳು.

"ಅಜ್ಜಿ, ನಂಗೊಂದು."

"ತಾಳೇ. ನಿನ್ ಬಾಯಿ ಸುಟ್ರೆ ನಿಮ್ಮಮ್ಮ ನನ್ನನ್ನೇ ಸುಡ್ತಾಳೆ."

"ಸುಡೋಕೆ ನಿಮ್ಮಲ್ಲೇನಿದೆ ಅತ್ತೆ, ಬರೀ ಮೂಳೆ," ಎಂದಳು ಅಗಾಥ. ಗಂಡ ಹೋದ ಮೇಲೆ ಅವಳು ನಕ್ಕದ್ದು ಅಂದೇ.

"ಬಾಯಿಗೇನೂ ಕಮ್ಮಿ ಇಲ್ಲ ನಿಂಗೆ. ಈ ಸಲ ಬಿಳೀದು ಜಾಸ್ತಿ ಇತ್ತಾ?"

"ತುಂಬಾ ಇತ್ತು. ಒಂದೂ ಬಿಡದೆ ಚಿವುಟಿ ಹಾಕ್ದೆ."

ಸೀಲಿಯೋತಳ ಕೈ ನಿಂತಿತು. "ಚಿವುಟಿದ್ಯಾ? ಗೆಡ್ಡೆ?"

"ಗೆಡ್ಡೆ ಯಾಕೆ? ಬೀಜ ಬೀಳಬಾರ್ದು ಅಂತ ತಾನೆ ಕೀಳೋದು?"

ಮಗು ಅಷ್ಟರಲ್ಲಿ ಎತ್ತಿಕೊಂಡಿದ್ದ ಗೆಡ್ಡೆಯನ್ನು ಮುದುಕಿ ಬೆರಳು ಬಿಡಿಸಿ ಕಸಿದುಕೊಂಡಳು. ಮಗು ಚೀರಿತು.

"ಒಂದು ನಾನು ತಿಂದು ನೋಡ್ತೀನಿ ಅತ್ತೆ. ನಂಗೇನೂ ಆಗ್ದಿದ್ರೆ..."

"ಆ ಒಂದು ಒಳ್ಳೇದು ಅಂತ ಗೊತ್ತಾಗುತ್ತೆ. ಮಿಕ್ಕಿದ್ದು?"

ಗುಂಡಿಯಲ್ಲಿದ್ದದ್ದನ್ನೆಲ್ಲ ಮುದುಕಿ ಕಡಲಿಗೆ ಸುರಿದಳು. ಆಮೇಲೆ ಒಬ್ಬಳೇ ದೋಣಿ ಹತ್ತಿ ಎದುರು ದಡದ ತಂಗಿಯ ಮನೆಯತ್ತ ಹೊರಟಳು. ಕೊಟ್ಟು ಅಭ್ಯಾಸವಿದ್ದ ಅವಳಿಗೆ ಬೇಡಿ ಗೊತ್ತಿರಲಿಲ್ಲ.

ತಂಗಿಯ ಮಗ ದಡದಲ್ಲೇ ತಡೆದ. "ದೊಡ್ಡಮ್ಮ, ಹತ್ತಿರ ಬರಬೇಡ. ನಿಮ್ಮದು ಜ್ವರದ ಮನೆ. ನಮ್ಮಲ್ಲೂ ಮಕ್ಕಳಿದಾವೆ."

"ಇಳಿಯಲ್ಲ ಕಣೋ. ಆ ಬಂಡೆ ಮೇಲೆ ಒಂದಿಷ್ಟು ಗೆಡ್ಡೆ ಇಟ್ಟು ಒಳಗೆ ಹೋಗು. ಆಮೇಲೆ ತಗೋತೀನಿ."

ಅವನು ಒಳಗೆ ಹೋದ. ಬಾಗಿಲು ಮುಚ್ಚಿತು, ಮತ್ತೆ ತೆರೆಯಲಿಲ್ಲ. ಸೆಳೆತ ದೋಣಿಯನ್ನು ಆಚೆ ಎಳೆಯುತ್ತಿತ್ತು. ಅವಳು ಹುಟ್ಟು ಹಾಕುತ್ತ ಅಲ್ಲೇ ನಿಂತಳು, ಖಾಲಿ ಬಂಡೆಯನ್ನು ನೋಡುತ್ತ.