ಬಳೆಚೂರಿನ ಪರದೆ

ಬೀದಿಯಲ್ಲಿ ಬಿದ್ದದ್ದನ್ನು ಮನೆಗೆ ಹೊತ್ತು ತರುವ ಚಟ ನನಗೆ ಅವ್ವನಿಂದ ಬಂದದ್ದು. ಹೊಸಪೇಟೆಯ ನಮ್ಮ ಮನೆಗೆ ಮೊದಲ ಸಲ ಬಂದವರು ಪಡಸಾಲೆಯ ದೀಪ ನೋಡಿ, ಎಲ್ಲಿ ಕೊಂಡಿರಿ ಎಂದು ಕೇಳುತ್ತಾರೆ. ಅದು ಅದಿರು ಲಾರಿಯ ಹಳೇ ಏರ್ ಫಿಲ್ಟರ್. ಗಾದಿಗನೂರಿನ ಗ್ಯಾರೇಜೊಂದರ ಹಿಂದೆ ಬಿದ್ದಿತ್ತು. ಒಳಗಿನ ಕಾಗದ ಕಿತ್ತು ಹಾಕಿ, ತಗಡಿನ ಜಾಲರಿಯನ್ನು ಸೋಪಿನ ನೀರಲ್ಲಿ ತಿಕ್ಕಿ ತೊಳೆದು, ನಡುವೆ ಒಂದು ಬಲ್ಬು ಇಳಿಬಿಟ್ಟೆ. ಸಂಜೆಯಾದರೆ ಗೋಡೆ ತುಂಬ ಚುಕ್ಕಿ ಬೆಳಕು. ಸಂಡೂರಿನ ಕೆಂಧೂಳು ಎಷ್ಟು ತಿಕ್ಕಿದರೂ ಮೂಲೆಗಳಲ್ಲಿ ಉಳಿದೇ ಇದೆ. ಇರಲಿ, ಊಟ ಕೇಳುವುದಿಲ್ಲವಲ್ಲ ಎಂದು ಬಿಟ್ಟಿದ್ದೇನೆ. ನಮ್ಮ ಟೀಪಾಯಿ ಎಂದರೆ ಕೇಬಲ್ ಸುತ್ತಿಕೊಂಡು ಬಂದಿದ್ದ ಮರದ ಗಾಲಿ. ಅಡುಗೆಕಟ್ಟೆಯ ಹಿಂದಿನ ಗೋಡೆಗೆ ಗ್ರಾನೈಟ್ ಅಂಗಡಿಯವರು ಎಸೆದ ತುಂಡುಗಳು. ನನ್ನ ಗಂಡ, "ನಿನ್ನ ಸಂಗಾಟ ಪ್ಯಾಟಿಗೆ ಬಂದ್ರ ಮುನಸಿಪಾಲ್ಟಿ ಗಾಡಿ ಹಿಂದ ಅಡ್ಡಾಡಿದಂಗ ಆಗ್ತೈತಿ" ಎನ್ನುತ್ತಾರೆ. ಅನ್ನಲಿ. ಚಹಾದ ಕಪ್ಪು ಇಡುವುದು ಮಾತ್ರ ಅದೇ ಗಾಲಿಯ ಮೇಲೆ.

ಈಚೆಗೆ ಮೊಬೈಲಿನಲ್ಲಿ ಇದನ್ನೆಲ್ಲ ಕಲಿಸುವವರು ಬಹಳ. ಕೈಚಳಕ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಹೊಸ ಬಾಟಲಿ ಕೊಂಡುತಂದು, ಹಳೆಯದರ ಹಾಗೆ ಕಾಣಲಿ ಎಂದು ಅದಕ್ಕೆ ಬಣ್ಣ ಬಳಿಯುವುದನ್ನು ಕಂಡರೆ ನನಗೆ ರೇಗುತ್ತದೆ. ಹಂಪಿಯ ಕಡೆ ಕೋಣೆ ಬಾಡಿಗೆಗೆ ಕೊಡುವವರೊಬ್ಬರು ನನ್ನ ಕೈಕೆಲಸದ ಸುದ್ದಿ ಕೇಳಿ ಬಂದು, "ಹಳೇ ಕಾಲದ್ದು ಏನಾರ ಮಾಡಿಕೊಡ್ರಿ ಮೇಡಂ, ಫಾರಿನ್‌ನವ್ರಿಗೆ ಭಾಳ ಇಷ್ಟ" ಎಂದರು. ಹಳೇ ಕಾಲದ್ದನ್ನು ಹೊಸದಾಗಿ ಹೇಗೆ ಮಾಡಿಕೊಡಲಿ? ಚಹಾ ಕುಡಿಸಿ ಕಳಿಸಿದೆ.

ಇಷ್ಟೆಲ್ಲ ತುಂಬಿಕೊಂಡ ಮನೆಯಲ್ಲಿ ಪಡಸಾಲೆಗೂ ಅಡುಗೆಮನೆಗೂ ನಡುವಿನ ಬಾಗಿಲೊಂದು ಬೋಳು. ಅಲ್ಲಿ ಏನು ತೂಗಬೇಕು ಎಂಬುದು ನನಗೆ ಸಣ್ಣವಳಿದ್ದಾಗಿನಿಂದ ಗೊತ್ತು. ಅದು ನನ್ನದಾಗಬೇಕಿತ್ತು, ಆಗಲಿಲ್ಲ.

ಅಪ್ಪ ಟಿ.ಬಿ. ಡ್ಯಾಂನಲ್ಲಿ ಕಾಲುವೆ ಕಚೇರಿಯ ಕೆಲಸದಲ್ಲಿದ್ದರು. ನಾನು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಮನೆ ಬಿಡುವಾಗ ಹೇಗಿತ್ತೋ ಹಾಗೆ ಒಪ್ಪಿಸಬೇಕು, ಗೋಡೆಗೆ ಒಂದು ಮೊಳೆ ಹೊಡೆಯುವಂತಿಲ್ಲ. ಅವ್ವ ಇದಕ್ಕೆ ಹೆದರುವ ಪೈಕಿಯಲ್ಲ. "ಗ್ವಾಡಿ ಸರ್ಕಾರದ್ದು, ಗಾಳಿ ನಮ್ದು" ಎಂದು ಎಲ್ಲವನ್ನೂ ಗಾಳಿಯಲ್ಲಿ ತೂಗಿಬಿಟ್ಟಳು. ಕಿಟಕಿಯ ಸರಳಿಗೆ ಸುಟ್ಟುಹೋದ ಬಲ್ಬು, ಅದರೊಳಗೆ ನೀರು, ನೀರಿನಲ್ಲಿ ಬಳ್ಳಿ. ಫ್ಯಾನಿನ ಕೊಕ್ಕೆಗೆ ಲಗ್ನಪತ್ರಿಕೆ ಕತ್ತರಿಸಿ ಮಾಡಿದ ಗಿಳಿಗಳು. ಅವು ಗಾಳಿಗೆ ತಿರುಗುವಾಗ ಒಂದರ ರೆಕ್ಕೆಯ ಮೇಲೆ ಅರ್ಧ ಗಣಪತಿ, ಇನ್ನೊಂದರ ಮೇಲೆ ಯಾರೋ ವರನ ಅರ್ಧ ಹೆಸರು ಕಾಣುತ್ತಿತ್ತು.

ಆದರೆ ಅವಳ ದೊಡ್ಡ ಕೆಲಸವೆಂದರೆ ಬಳೆಚೂರಿನ ಪರದೆ. ಆಗ ನಮ್ಮ ಸಾಲುಮನೆಗಳ ಹೆಂಗಸರೆಲ್ಲ ಗಾಜಿನ ಬಳೆಯವರೇ. ಪಾತ್ರೆ ತಿಕ್ಕುವಾಗ, ಬಟ್ಟೆ ಒಗೆಯುವಾಗ ಒಡೆದ ಬಳೆಯನ್ನು ತುಳಿಯಬಾರದು, ಕಸದಲ್ಲಿ ಹಾಕಬಾರದು. ಎಲ್ಲರೂ ಚೂರುಗಳನ್ನು ತಂದು ಅವ್ವನ ಡಬ್ಬಿಗೆ ಹಾಕುತ್ತಿದ್ದರು. ಮಧ್ಯಾಹ್ನ ಅವ್ವ ಚಿಮಣಿ ದೀಪ ಹಚ್ಚಿಕೊಂಡು ಕೂರುವಳು. ಚೂರಿನ ನಡುವನ್ನು ಉರಿಗೆ ಹಿಡಿದರೆ ಗಾಜು ಮೆತ್ತಗಾಗಿ ಎರಡೂ ತುದಿ ಬಾಗುತ್ತವೆ. ಅವು ಕೂಡುವ ಮೊದಲೇ ಹಿಂದಿನ ಕೊಂಡಿಯನ್ನು ಒಳಗೆ ಸಿಕ್ಕಿಸಿ ಒತ್ತಿಬಿಡಬೇಕು. ಒಂದು ಗಳಿಗೆ ತಡವಾದರೆ ಗಾಜು ಗಟ್ಟಿ, ಒಂದು ಗಳಿಗೆ ಮುಂಚೆಯಾದರೆ ಬೆರಳು ಸುಟ್ಟಿತು. ಹೀಗೆ ಕೊಂಡಿಗೆ ಕೊಂಡಿ ಸೇರಿ ಎಳೆಗಳಾದವು. ಒಂದೊಂದು ಮನೆಯವರದು ಒಂದೊಂದು ಎಳೆ. ಅಡುಗೆಮನೆ ಬಾಗಿಲ ಚೌಕಟ್ಟಿಗೆ ಬಿಗಿಯಾಗಿ ಕೂರುವಂತೆ ಒಂದು ಪೈಪು ಅಡ್ಡ ಸಿಕ್ಕಿಸಿ ಎಲ್ಲವನ್ನೂ ಅದಕ್ಕೆ ಕಟ್ಟಿದಳು.

ಅದನ್ನು ಸರಿಸಿ ಒಳಗೆ ಹೋಗುವ ಸದ್ದಿನಲ್ಲೇ ಬಂದವರು ಯಾರು ಎಂದು ತಿಳಿಯುತ್ತಿತ್ತು. ಅಪ್ಪನದು ಒಮ್ಮೆಲೇ ಝಲ್. ಅವ್ವ ಹೋದರೆ ತೆಳ್ಳಗೆ, ಕೊನೆಯಲ್ಲಿ ಒಂದೆರಡು ಹನಿ ಬಿದ್ದ ಹಾಗೆ. ನಾನು ಬೇಕೆಂದೇ ಹತ್ತು ಸಲ ಒಳಗೆ ಹೊರಗೆ ಓಡಾಡಿ ಬೈಸಿಕೊಳ್ಳುತ್ತಿದ್ದೆ. "ಹರಿಬ್ಯಾಡಲೇ, ನಿನ್ನ ಮದುವಿಗೆ ನಿನಗ ಕೊಡೋದು ಅದು" ಎಂದು ಅವ್ವ ಹೇಳಿದ ದಿನದಿಂದ ಅದು ನನ್ನದೇ ಆಯಿತು. ಸಾಲಿನ ಹುಡುಗಿಯರು ಮುಟ್ಟಬೇಕಾದರೂ ನನ್ನನ್ನು ಕೇಳಬೇಕಿತ್ತು.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಕಾಲುವೆ ಗೇಟಿನ ಕೆಲಸದವರೊಬ್ಬರು ಇದ್ದರು. ಅವರ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇಲ್ಲ, ಅವ್ವನನ್ನು ಆಕೆ ಅಕ್ಕ ಎನ್ನುತ್ತಿದ್ದಳು, ಅಷ್ಟೇ. ಮಕ್ಕಳಿರಲಿಲ್ಲ. ಕೈತುಂಬ ಹಸಿರು ಬಳೆ. ನಕ್ಕರೆ ಚಪ್ಪಾಳೆ ತಟ್ಟಿಯೇ ನಗಬೇಕು, ಹಾಗಾಗಿ ಆಕೆಯ ಬಳೆ ಉಳಿಯುತ್ತಿರಲಿಲ್ಲ. ಗೋಡೆಯಾಚೆ ಆಕೆ ಪಾತ್ರೆ ತೊಳೆಯುವುದು, ರೊಟ್ಟಿ ಬಡಿಯುವುದು ಎಲ್ಲ ನಮಗೆ ಬಳೆಸದ್ದಿನಲ್ಲೇ ಕೇಳುತ್ತಿತ್ತು.

ಒಂದು ದಿನ ಗೇಟಿನ ಹತ್ತಿರವೇ ಆಕೆಯ ಗಂಡನಿಗೆ ಎದೆನೋವು ಬಂದು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಕರ್ಮದ ದಿನ ಊರಿನಿಂದ ಬಂದ ಹಿರಿಯ ಹೆಂಗಸರು ಆಕೆಯ ಬಳೆ ಒಡೆಸಿ, ಚೂರುಗಳನ್ನು ಕಾಲುವೆಗೆ ಹಾಕಿ ಬಾ ಎಂದು ಕಳಿಸಿದರು. ಅದಾದ ಮೇಲೆ ಗೋಡೆಯಾಚೆ ಆಕೆ ಇದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪಾತ್ರೆ ಸದ್ದು ಬರುತ್ತಿತ್ತು, ಆಕೆಯ ಸದ್ದು ಬರುತ್ತಿರಲಿಲ್ಲ.

ಕೆಲವು ದಿನ ಕಳೆದು ಚಿಗವ್ವ ಹಿತ್ತಲ ಬಾಗಿಲಿನಿಂದ ಬಂದು ಅವ್ವನ ಮುಂದೆ ಸೆರಗಿನ ಗಂಟು ಬಿಚ್ಚಿದಳು. ಹಸಿರು ಚೂರುಗಳು.

"ಕಾಲ್ವಿಗೆ ಹಾಕಾಕ ಕೈ ಬರ್ಲಿಲ್ಲಕ್ಕ," ಎಂದಳು.

ಅವ್ವ ಅವನ್ನು ತನ್ನ ಡಬ್ಬಿಗೆ ಸುರಿದುಕೊಂಡಳು. ಮರುದಿನ ಮುಂದಿನ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಚಿಮಣಿ ಹಚ್ಚಿಕೊಂಡು ಕೂತಳು. ಎದುರು ಮನೆಯಾಕೆ ನೋಡಿದವಳೇ ಓಡಿ ಬಂದಳು.

"ಗಂಡ ಸತ್ತಾಕಿ ಬಳಿ ಅವು. ಮುತ್ತೈದಿ ಮನಿ ಬಾಗ್ಲಾಗ ಕಟ್ತಾರೇನು?"

"ಕೈಯಾಗ ಬ್ಯಾಡ ಅಂದ್ರಿ, ಆತು. ಬಾಗ್ಲಾಗ ಬ್ಯಾಡ ಅಂತ ಯಾವ ಶಾಸ್ತ್ರದಾಗೈತಿ?" ಅವ್ವ ಉರಿಯ ಮೇಲಿಂದ ಕಣ್ಣೆತ್ತಲಿಲ್ಲ.

"ಹಂಗಾರ ನನ್ನವು ಬಿಚ್ಚಿಕೊಡು."

"ಬಿಚ್ಚೂಮುಂದ ಒಡದ್ರ ನಿನಗಽ ಒಳ್ಳೇದಲ್ಲ. ನೋಡು, ಬಿಚ್ಚಲೇನು?"

ಆಕೆ ಬಿಚ್ಚಿಸಲಿಲ್ಲ. ಆದರೆ ಅವತ್ತಿನಿಂದ ಸಾಲಿನ ಹೆಂಗಸರು ನಮ್ಮ ಆ ಬಾಗಿಲು ದಾಟುವುದನ್ನು ನಿಲ್ಲಿಸಿದರು. ಬಂದರೂ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರು. ಪರದೆ ದಾಟಿ ಬರುವವಳು ಚಿಗವ್ವ ಒಬ್ಬಳೇ. ಏನಾದರೊಂದು ನೆಪ ಮಾಡಿಕೊಂಡು, ಉಪ್ಪು ಬೇಕು, ಮಜ್ಜಿಗೆ ಬೇಕು ಎಂದು ಬರುವಳು. ಸರಿಸುವಾಗ ಆ ಹಸಿರು ಎಳೆಗಳ ಕಡೆಯಿಂದಲೇ ಹೋಗುವಳು.

ನೌಕರಿಯವನು ಹೋದ ಮೇಲೆ ಕ್ವಾರ್ಟರ್ಸು ಬಿಡಬೇಕು, ಅದು ನಿಯಮ. ಚಿಗವ್ವ ಕಂಪ್ಲಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಹೊರಟಳು. ಸಾಮಾನು ತುಂಬಿದ ಟೆಂಪೊ ಬಾಗಿಲಲ್ಲಿ ನಿಂತಿತ್ತು. ಅವ್ವ ಒಳಗೆ ಹೋದಳು, ಪೈಪು ಸಮೇತ ಪರದೆ ಇಳಿಸಿದಳು, ಹಳೇ ಸೀರೆಯಲ್ಲಿ ಕೂಸಿನ ಹಾಗೆ ಸುತ್ತಿ ತಂದು ಚಿಗವ್ವನ ತೊಡೆಯ ಮೇಲಿಟ್ಟಳು. ನಾನು ಅಂಗಳದಲ್ಲೇ ಬಿದ್ದು ಅತ್ತೆ. ಅದು ನನ್ನದು, ನನಗೆ ಕೊಡುತ್ತೇನೆ ಅಂತ ನೀನೇ ಅಂದಿದ್ದೆಯಲ್ಲ ಅವ್ವ, ಎಂದು ಟೆಂಪೊದ ಗಾಲಿಯ ಮುಂದೆ ಕೂತುಬಿಟ್ಟೆ. ಅಪ್ಪ ಎತ್ತಿಕೊಂಡು ಒಳಗೆ ಬಂದರು.

"ಆಕಿ ಕೈ ಮೂಕಾಗ್ಯಾವ," ಎಂದಳು ಅವ್ವ ಸಂಜೆ ನನ್ನ ತಲೆ ಬಾಚುತ್ತ. "ಆ ಮನ್ಯಾಗ ಆಕಿ ಅಡ್ಡಾಡಿದ್ದು ಯಾರಿಗಾರ ಕೇಳಿಸಬೇಕಲ್ಲ. ನಿನಗ ಮತ್ತೊಂದು ಮಾಡಿಕೊಡ್ತೀನಿ."

ಮಾಡಲಿಲ್ಲ. ಮಾಡಬಾರದು ಎಂದಲ್ಲ. ಮೊದಲು ಸಾಲಿನ ಹೆಂಗಸರು ಚೂರು ಕೊಡುವುದನ್ನು ಬಿಟ್ಟರು, ಆಮೇಲೆ ಗಾಜಿನ ಬಳೆಯನ್ನೇ ಬಿಟ್ಟರು. ಹಬ್ಬಕ್ಕೆ, ಸೀಮಂತಕ್ಕೆ ತೊಟ್ಟು ತೆಗೆದಿಡುವ ಬಳೆ ಎಲ್ಲಿ ಒಡೆಯಬೇಕು? ನನ್ನ ಮದುವೆಯೂ ಆಯಿತು, ಅವ್ವನ ಕಣ್ಣೂ ಮಂದವಾಯಿತು. ಹೋದ ವರ್ಷ ಅವ್ವ ತೀರಿಕೊಂಡಳು.

ಅವಳ ಸೀರೆಗಳಿವೆ, ಪಾತ್ರೆಗಳಿವೆ. ಆದರೆ ಅವು ಅವಳು ಕೊಂಡವು. ನನಗೆ ಬೇಕಾದದ್ದು ಅವಳು ಮಾಡಿದ್ದು. ಬಲ್ಬಿನ ಬಳ್ಳಿ, ಪತ್ರಿಕೆಯ ಗಿಳಿ ಯಾವುದೂ ಉಳಿದಿಲ್ಲ. ಉಳಿದಿದ್ದರೆ ಅದೊಂದೇ. ನಾನೇ ಮಾಡಿಕೊಳ್ಳೋಣ ಎಂದು ಪೇಟೆಯಿಂದ ಗಾಜಿನ ಬಳೆ ತಂದೆ. ಹೊಸ ಬಾಟಲಿಗೆ ಬಣ್ಣ ಬಳಿಯುವವರನ್ನು ಬೈಯುವ ನಾನು, ಹೊಸ ಬಳೆ ಒಡೆಯಲು ಒರಳಿನ ಮುಂದೆ ಕೂತೆ. ಕೈ ಏಳಲಿಲ್ಲ. ಬಳೆಗಳನ್ನು ಹಾಗೇ ಕೈಗೆ ಏರಿಸಿಕೊಂಡು ಅತ್ತೆ.

ಮರುವಾರ ಕಂಪ್ಲಿಯ ಬಸ್ಸು ಹತ್ತಿದೆ. ಮನಸ್ಸಿನಲ್ಲಿದ್ದದ್ದು ಒಂದೇ: ಪರದೆ ಕೇಳಿ ತರಬೇಕು. ಅಲ್ಲಿ ಇದ್ದರೆ.

ಚಿಗವ್ವ ಅಕ್ಕನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಇದ್ದಾಳೆ. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಬಾಗಿಲಲ್ಲಿ ನಿಂತವಳ ಗುರುತು ಹಿಡಿಯಲು ಆಕೆಗೆ ಹೊತ್ತು ಹಿಡಿಯಲಿಲ್ಲ. "ಬಾರವ್ವ, ಕುಂದ್ರು. ಒಲಿಮ್ಯಾಲ ರೊಟ್ಟಿ ಐತಿ," ಎಂದು ಹಿಟ್ಟಿನ ಕೈಯಲ್ಲೇ ಒಳಗೆ ಹೋದಳು. ಝಲ್ಲೆಂದಿತು. ಕೂರುವುದನ್ನು ಮರೆತು ನಿಂತೆ.

ಅದೇ ಪೈಪು. ಎಳೆಗಳು ಮೊದಲಿನಷ್ಟು ಉದ್ದವಿರಲಿಲ್ಲ, ಕೆಲವು ಕಡೆ ಕೊಂಡಿ ಹೋಗಿ ದಾರದ ಗಂಟು ಬಂದಿತ್ತು. ಹೊಗೆಗೆ ಬಣ್ಣ ಮಂಕಾಗಿತ್ತು. ನಾನು ನೇರ ಕೆಂಪು ಎಳೆಯ ಹತ್ತಿರ ಹೋಗಿ ಹಿಡಿದುಕೊಂಡೆ. ಅವ್ವ ತೊಡುತ್ತಿದ್ದದ್ದು ಕೆಂಪು ಬಳೆ.

"ಅದು ನಿಮ್ಮವ್ವಂದಲ್ಲ," ಎಂದಳು ಚಿಗವ್ವ ಒಳಗಿನಿಂದ. "ಎದುರು ಮನಿಯಾಕಿದು. ಜಗಳ ಮಾಡಿದ್ಲು ನೋಡು, ಆಕಿದು."

"ಅವ್ವಂದು ಯಾವುದು?"

"ಒಂದೂ ಇಲ್ಲ. ನನ್ನವು ಕಟ್ಟಾಕ ಬಾಗ್ಲಾಗ ಜಾಗ ಸಾಲ್ದಾತು. ತನ್ನವು ಬಿಚ್ಚಿ ಕಾಲ್ವಿಗೆ ಹಾಕಿದ್ಲು. ನಾ ಬ್ಯಾಡ ಅಂದೆ, ಎಲ್ಲಿ ಕೇಳ್ತಾಳ?"

ಇಷ್ಟು ವರ್ಷ ನೆನೆಸಿಕೊಂಡು ಬಂದದ್ದರಲ್ಲಿ ಅವ್ವನ ಕೈಯ ಒಂದು ಚೂರೂ ಇಲ್ಲ. ಎದುರು ಮನೆಯಾಕೆಯದು ಮಾತ್ರ ಗಟ್ಟಿಯಾಗಿ ಕೂತಿದೆ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಆಮೇಲೆ ಎಳೆಯನ್ನು ಬಿಡದೆ ಒಂದೊಂದೇ ಕೊಂಡಿ ಮುಟ್ಟುತ್ತ ಹೋದೆ. ಪ್ರತಿ ಕೊಂಡಿ ಕೂಡಿದ ಕಡೆ ಗಾಜು ಚಪ್ಪಟೆಯಾಗಿತ್ತು, ಬಿಸಿ ಇರುವಾಗ ಹೆಬ್ಬೆರಳಿನಿಂದ ಒತ್ತಿದ ಜಾಗ. ನನ್ನ ಹೆಬ್ಬೆರಳನ್ನು ಅಲ್ಲಿಟ್ಟೆ.

ಚಿಗವ್ವ ರೊಟ್ಟಿಯ ತಟ್ಟೆ ಹಿಡಿದು ಬಂದು ನನ್ನ ಮುಖ ನೋಡಿದಳು.

"ಒಯ್ಯಾಕ ಬಂದೀಯೇನು?"

ಸುಳ್ಳು ಹೇಳಲಾಗಲಿಲ್ಲ. ಹೂಂ ಎಂದೆ.

"ನಿಂದಽ ಅದು. ಗಾಲಿ ಮುಂದ ಕುಂತು ಅತ್ತಿದ್ದಿ, ನನಗ ನೆನಪೈತಿ." ತಟ್ಟೆ ನನ್ನ ಮುಂದಿಟ್ಟು, ಪರದೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. "ಈಗ ಕೇಳಬ್ಯಾಡವ್ವ. ನಾ ಹೋದ ದಿನ ಬಂದು ಬಿಚ್ಚಿಕೊಂಡು ಹೋಗು. ಅಕ್ಕನ ಮಕ್ಕಳಿಗೆಲ್ಲ ಹೇಳಿಟ್ಟೀನಿ, ಡ್ಯಾಂ ಹುಡುಗಿ ಬರ್ತಾಳ, ಅದು ಆಕಿಗೆ ಅಂತ."

ರೊಟ್ಟಿ ತಿಂದೆ, ಶೇಂಗಾ ಚಟ್ನಿ ಎರಡು ಸಲ ಹಾಕಿಸಿಕೊಂಡೆ. ನನ್ನ ಫೋನ್ ನಂಬರನ್ನು ಆಕೆಯ ಮೊಬೈಲಿನಲ್ಲಿ ಹಾಕಿಕೊಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿ ಬಂದೆ.

ಅಲ್ಲಿಂದ ಬಂದ ಮೇಲೆ ನನ್ನ ಪಾಡು ನನಗೇ ನಗು ತರಿಸುತ್ತದೆ. ಬುದ್ಧಿ ತಿಳಿದಾಗಿನಿಂದ ಬೇಕು ಬೇಕು ಎಂದುಕೊಂಡದ್ದು ಈಗ ಬರದಿರಲಿ ಎಂದು ದೇವರಿಗೆ ಕೈಮುಗಿಯುತ್ತೇನೆ. ಮೊಬೈಲಿನಲ್ಲಿ ಕಂಪ್ಲಿಯ ನಂಬರು ಮೂಡಿದರೆ ಎದೆ ಹೊಡೆದುಕೊಳ್ಳುತ್ತದೆ. ಆಕೆಯೇ ಮಾತಾಡಿದಳೆಂದರೆ ಉಸಿರು ಬಿಡುತ್ತೇನೆ. ಅವ್ವ ಬೇಕೆನಿಸಿದಾಗ, ಅದು ಬಹಳ ಸಲ, ನಾನೇ ಫೋನು ಮಾಡುತ್ತೇನೆ. ಚಿಗವ್ವ ಊಟ ಆಯಿತೇ ಎನ್ನುವ ಮೊದಲೇ ಹೇಳುತ್ತೇನೆ:

"ಚಿಗವ್ವ, ಫೋನ್ ಕೈಯಾಗ ಹಿಡಕೊಂಡು ಒಮ್ಮೆ ಒಳಗ ಹೋಗಿ ಬಾ."

ಹುಚ್ಚಿ ಎನ್ನುತ್ತಾಳೆ. ಆದರೂ ಹೋಗಿಬರುತ್ತಾಳೆ.