ಅತ್ತೆ ಬರೆದ ಒಲೆಯ ಪರೀಕ್ಷೆ

ನೋಟೀಸು ಬಂದದ್ದು ನನ್ನ ಹೆಸರಿಗೆ. ಒಲೆ ಹಚ್ಚಿದ್ದು ನಮ್ಮತ್ತೆ. ಸಾಂಟಾ ಕ್ಲಾರಾದ ನಮ್ಮ ಮನೆಯ ಹಾಲಿನಲ್ಲಿ ಕಬ್ಬಿಣದ ಸೌದೆ ಒಲೆಯೊಂದಿದೆ. ಕಾಯಿದೆಗೆ ಒಪ್ಪುವ ಒಲೆಯೇ. ಆದರೆ ಚಳಿಗಾಲದಲ್ಲಿ ಗಾಳಿ ಕೆಟ್ಟ ದಿನ ಸರ್ಕಾರದವರಿಂದ ಫೋನಿಗೆ ಮೆಸೇಜು ಬರುತ್ತದೆ. ಅಂದು ಸೌದೆ ಉರಿಸುವಂತಿಲ್ಲ. ಆವತ್ತು ಮೆಸೇಜು ನನಗೆ ಬಂದಿತ್ತು. ಮೀಟಿಂಗಿನಲ್ಲಿದ್ದೆ, ಮನೆಗೆ ಹೇಳಲು ಮರೆತೆ. ಊರಿನಿಂದ ಬಂದಿದ್ದ ಅತ್ತೆ ಮಂಡಿನೋವಿಗೆಂದು ಒಲೆ ಹಚ್ಚಿಕೊಂಡು ಬೆಚ್ಚಗೆ ಕೂತಿದ್ದರು. ಚಿಮಣಿಯ ಹೊಗೆ ಕಂಡು ಯಾರೋ ಪುಣ್ಯಾತ್ಮರು ದೂರು ಕೊಟ್ಟರು.

ಮೊದಲ ತಪ್ಪಾದ್ದರಿಂದ ದಂಡದ ಬದಲು ಕಂಪ್ಯೂಟರಿನಲ್ಲಿ ಪಾಠ ಓದಿ ಪರೀಕ್ಷೆ ಬರೆಯಬಹುದಿತ್ತು. ಅದನ್ನು ಹೇಳಿದಾಗ ಅತ್ತೆ ಬಿದ್ದು ಬಿದ್ದು ನಕ್ಕರು.

“ನಂಗೆ ಒಲೆ ಹಚ್ಚೋದು ಹೇಳ್ಕೊಡ್ತಾರಂತಾ? ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯ್ತು!”

ನಗುವ ಹಕ್ಕು ಅವರಿಗಿತ್ತು. ತುಮಕೂರಿನ ಕೂಡುಕುಟುಂಬದಲ್ಲಿ ಹದಿನೆಂಟು ಜನಕ್ಕೆ ಸೌದೆ ಒಲೆಯಲ್ಲಿ ಬೇಯಿಸಿ ಹಾಕಿದವರು. ಅದನ್ನು ದಿನಕ್ಕೆರಡು ಸಲ ನೆನಪಿಸಿ ನನ್ನ ಪ್ರಾಣ ತಿನ್ನುವವರೂ ಹೌದು. ತಗೊಳ್ಳಿ, ನೀವೇ ಬರೀರಿ ಅಂತ ಶನಿವಾರ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡೆ. ನಾನು ಪ್ರಶ್ನೆಗಳನ್ನು ಕನ್ನಡ ಮಾಡಿ ಓದುವುದು, ಅವರು ಉತ್ತರ ಹೇಳುವುದು.

ಸೌದೆ ಒಣಗಿದೆಯೆಂದು ತಿಳಿಯುವುದು ಹೇಗೆ? “ಒಂದಕ್ಕೊಂದು ಬಡಿದ್ರೆ ಟಣ್ ಅನ್ಬೇಕು. ಹಸೀದು ದಬ್ ಅನ್ನತ್ತೆ. ಮುಂದಿನದು ಕೇಳು.” ಬಣ್ಣ ಬಳಿದ ಹಲಗೆ ಉರಿಸಬಹುದೇ? “ಯಾವ ಕತ್ತೆ ಉರಿಸತ್ತೆ ಅದನ್ನ?” ಒಂದೂ ತಪ್ಪಲಿಲ್ಲ. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಕೊನೆಯ ಪಾಠ ಹೊಗೆ ಮತ್ತು ಶ್ವಾಸಕೋಶದ ಬಗ್ಗೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಎದೆಯೊಳಗೆ ಇಳಿಯುತ್ತದೆ, ವರ್ಷಗಟ್ಟಲೆ ಹೊಗೆ ಕುಡಿದವರಿಗೆ ಕೆಮ್ಮು, ಉಬ್ಬಸ ಶುರುವಾಗುತ್ತದೆ ಎಂದೆಲ್ಲ ಓದಿದೆ. ಅತ್ತೆ ನನ್ನ ಕಡೆ ತಿರುಗಿ ಕೇಳಿದರು.

“ಒಬ್ರಿಗೆ ಕೆಮ್ಮು ಬಂದು, ಪಕ್ಕದಲ್ಲೇ ಕೂತೋರಿಗೆ ಬರ್ದೆ ಇರತ್ತಾ?”

“ಇರತ್ತೆ ಅತ್ತೆ. ಇಲ್ಲೇ ಬರ್ದಿದಾರೆ.”

ಆಗ ಹೇಳಿದರು. ಅವರಿಗೊಬ್ಬರು ಹಿರಿಯ ಓರಗಿತ್ತಿಯಿದ್ದರು. “ಅಕ್ಕ ಒಲೆ ಮುಂದೆ ಕೂತ್ರೆ ಕೆಮ್ಮೋರು. ಹೊಗೆ ಆಗಲ್ಲ ಅಂತ ಎದ್ದು ಹೋಗೋರು. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ ಅಂತ ಎಲ್ಲರ ಮುಂದೆ ಆಡ್ಕೊಂಡೆ. ಕೆಲಸಗಳ್ಳಿ, ಬರೀ ನಾಟಕ ಅಂದೆ. ಆಮೇಲೆ ಅವರು ಎದ್ದು ಹೋಗ್ಲೇ ಇಲ್ಲ ಕಣೆ. ಸೆರಗು ಬಾಯಿಗೆ ಒತ್ಕೊಂಡು ಅಲ್ಲೇ ಕೂತಿರೋರು.”

ಆ ದೊಡ್ಡತ್ತೆ ಐವತ್ತು ತುಂಬುವ ಮೊದಲೇ ಉಬ್ಬಸದಿಂದ ಹೋದರೆಂದು ನನಗೂ ಗೊತ್ತಿತ್ತು. ಅತ್ತೆಯದೊಂದು ತಪ್ಪು ಕೈಗೆ ಸಿಗಲಿ ಎಂದು ಮದುವೆಯಾದಾಗಿನಿಂದ ಕಾದವಳು ನಾನು. ಸಿಕ್ಕಾಗ ಬೇಡವೆನಿಸಿತು.

“ಆ ಕಾಲದಲ್ಲಿ ಯಾರಿಗೂ ಗೊತ್ತಿರ್ಲಿಲ್ಲ ಬಿಡಿ ಅತ್ತೆ.”

“ಅವ್ರಿಗೆ ಗೊತ್ತಿತ್ತಲ್ಲ. ಬಾಯ್ಬಿಟ್ಟು ಹೇಳಿದ್ರಲ್ಲ.”

ಉಳಿದ ಪ್ರಶ್ನೆಗಳಿಗೆ ನಾನೇ ಉತ್ತರ ಒತ್ತಿದೆ. ಪಾಸಾಯಿತು. ಅವರು ತಿರುಗಿಯೂ ನೋಡಲಿಲ್ಲ.

ಸಂಜೆ, ಊರಿನಲ್ಲಿ ಬೆಳಗಾಗುವ ಹೊತ್ತಿಗೆ, ಓರಗಿತ್ತಿಯ ಮಗಳಿಗೆ ಫೋನು ಹಚ್ಚಿಕೊಡು ಎಂದರು. ಸ್ಪೀಕರಿನಲ್ಲಿ ಹಾಕಿಕೊಟ್ಟೆ. ತಿಂಡಿ ಏನು, ಅವರೆಕಾಯಿ ಬಂತಾ, ಮೊಮ್ಮಗುವಿಗೆ ಜ್ವರ ಬಿಟ್ಟಿತಾ ಅಂತ ಹತ್ತು ನಿಮಿಷ ಕೇಳಿದರು. ಇವರ ಬಾಯಲ್ಲಿ ಆ ಹಳೇ ವಿಷಯ ಬರುವುದಿಲ್ಲ ಎಂದುಕೊಂಡು ನಾನು ಅಡುಗೆಮನೆಗೆ ಎದ್ದಿದ್ದೆ.

“ನೋಡೇ, ನಿಮ್ಮಮ್ಮಂದು ನಾಟಕ ಅಲ್ಲ,” ಎಂದರು ಅತ್ತೆ. “ಹೊಗೆಯಿಂದಾನೇ ಆಗಿದ್ದದು. ನಾನು ಅನ್ಬಾರ್ದಾಗಿತ್ತು. ತಪ್ಪಾಯ್ತು ಕಣೆ.”

“ನಂಗೆ ಆವಾಗ್ಲೇ ಗೊತ್ತಿತ್ತು ಚಿಕ್ಕಮ್ಮ,” ಎಂದಳು ಅವಳು. “ಆದ್ರೆ ಕೊನೆಕೊನೆಗೆ ಅಮ್ಮಾನೇ ನೀವು ಹೇಳಿದ್ದು ನಿಜ ಅಂದ್ಕೊಂಡ್ಬಿಟ್ಟಿದ್ಲು.”